ಹಳೆಯ ಕಡತ ಬೇಕು, ಕಮಿಟ್ ಬೇಡ

ಗಿಟ್‌ನಲ್ಲಿ ಹಿಂದಿನ ಆವೃತ್ತಿಯನ್ನು ಸ್ಟೇಜ್ ಮಾಡದೆ ಹಿಂಪಡೆಯುವ ಕ್ರಮ

ಮಂಗಳೂರು: ತಿಂಗಳ ಹಿಂದಿನ ಕಡತವೊಂದನ್ನು ಮತ್ತೆ ಕೈಗೆ ತೆಗೆದುಕೊಳ್ಳಬೇಕು, ಅದರಲ್ಲಿರುವ ನಾಲ್ಕು ಸಾಲುಗಳನ್ನು ಇಂದಿನದರೊಂದಿಗೆ ಹೋಲಿಸಬೇಕು, ಬೇಕಾದರೆ ಎರಡನ್ನು ಉಳಿಸಿಕೊಳ್ಳಬೇಕು. ಆದರೆ ಹಾಗೆ ತಂದ ಹಳೆಯ ಕಡತವು ಹೇಳದೆ ಕೇಳದೆ ಮುಂದಿನ ಕಮಿಟ್‌ನೊಳಗೆ ಸೇರಿಹೋಗಬಾರದು. ತಂತ್ರಾಂಶ ಬರೆಯುವವರಿಗೆ, ಜಾಲತಾಣ ನಡೆಸುವವರಿಗೆ, ಅನುವಾದಕರಿಗೆ ಪದೇಪದೇ ಎದುರಾಗುವ ಅಗತ್ಯವಿದು. ಇಂದು ಅತ್ಯಂತ ವ್ಯಾಪಕವಾಗಿ ಬಳಕೆಯಲ್ಲಿರುವ ಆವೃತ್ತಿ ನಿಯಂತ್ರಣ ತಂತ್ರಾಂಶವಾದ ಗಿಟ್‌ನಲ್ಲಿ ಈ ಸರಳ ಕೆಲಸಕ್ಕೆ ಸರಳವಾದ ಆಜ್ಞೆಯೊಂದು ದೊರೆತದ್ದು 2019ರಲ್ಲಿ, ಅಂದರೆ ಗಿಟ್ ಹುಟ್ಟಿ 14 ವರ್ಷಗಳಾದ ಮೇಲೆ. ಅಲ್ಲಿಯವರೆಗೆ ಹಳೆಯದನ್ನು ತರುವುದು ಹಾಗೂ ತಂದದ್ದನ್ನು ಒಪ್ಪಿಕೊಳ್ಳುವುದು ಎಂಬ ಎರಡು ಬೇರೆ ಬೇರೆ ನಿರ್ಧಾರಗಳು ಒಂದೇ ಆಜ್ಞೆಯಲ್ಲಿ ಬೆಸೆದುಕೊಂಡಿದ್ದವು. ಹಳೆಯ ಅಭ್ಯಾಸದವರು ಇಂದಿಗೂ ಅದೇ ಆಜ್ಞೆಯನ್ನು ಬಳಸುತ್ತಾರೆ. ಹಳೆಯ ಪಾಠಪುಸ್ತಕಗಳೂ ಅದನ್ನೇ ಹೇಳಿಕೊಡುತ್ತವೆ.

ಮೊಳೆಜೋಡಣೆಯ ಮೇಜಿನಿಂದ ಒಂದು ಹೋಲಿಕೆ

ಮಂಗಳೂರಿನವರಿಗೆ ಈ ವಿಷಯವನ್ನು ಅಚ್ಚುಕೂಟದ ಮೂಲಕ ವಿವರಿಸುವುದು ಸುಲಭ. ಫಳ್ನೀರ್‌ನಿಂದ ಅನತಿದೂರದ ಬಲ್ಮಠ, 1841ರಲ್ಲಿ ಆರಂಭವಾದ ಬಾಸೆಲ್ ಮಿಶನ್ ಮುದ್ರಣಾಲಯದಿಂದಾಗಿ ಹೆಸರಾದ ಸ್ಥಳ. ಫರ್ಡಿನೆಂಡ್ ಕಿಟ್ಟೆಲ್ ಅವರ ಕನ್ನಡ-ಇಂಗ್ಲಿಷ್ ನಿಘಂಟು 1894ರಲ್ಲಿ ಪ್ರಕಟವಾದದ್ದು ಇದೇ ಮುದ್ರಣಾಲಯದಿಂದ. ಅಚ್ಚುಮೊಳೆಗಳ ಕಾಲದ ಮುದ್ರಣಾಲಯಗಳಲ್ಲಿ ಒಂದು ಪುಟಕ್ಕೆ ಮೂರು ನೆಲೆಗಳಿರುತ್ತಿದ್ದವು. ಮೊಳೆ ಜೋಡಿಸುವವನ ಮೇಜಿನ ಮೇಲೆ ತಿದ್ದುಪಡಿಗೆ ತೆರೆದುಕೊಂಡ ಪುಟ ಒಂದು. ತಿದ್ದಿ ಮುಗಿಸಿ, ಚೌಕಟ್ಟಿನಲ್ಲಿ ಬಿಗಿದು, ಯಂತ್ರಕ್ಕೆ ಏರಿಸಲು ಸಿದ್ಧವಾಗಿಟ್ಟ ಫಾರಂ ಇನ್ನೊಂದು. ಅಚ್ಚಾಗಿ ಹೊರಬಿದ್ದ ಹಾಳೆ ಮೂರನೆಯದು.

ಗಿಟ್‌ನ ರಚನೆ ಹೆಚ್ಚುಕಡಿಮೆ ಇದೇ. ಕಣ್ಣಿಗೆ ಕಾಣುವ, ತಿದ್ದಲು ಸಿಗುವ ಕಡತಗಳಿರುವ ಜಾಗಕ್ಕೆ ವರ್ಕಿಂಗ್ ಟ್ರೀ ಎಂದು ಹೆಸರು. ಇದು ಕೆಲಸದ ಮೇಜು. ಮುಂದಿನ ಕಮಿಟ್‌ಗೆ ಏನೇನು ಹೋಗಬೇಕೆಂದು ಆರಿಸಿ ಇಟ್ಟ ಪಟ್ಟಿಗೆ ಇಂಡೆಕ್ಸ್ ಅಥವಾ ಸ್ಟೇಜಿಂಗ್ ಏರಿಯಾ ಎನ್ನುತ್ತಾರೆ. ಇದು ಬಿಗಿದಿಟ್ಟ ಫಾರಂ. ಕಮಿಟ್ ಎಂಬುದು ಅಚ್ಚಾದ ಹಾಳೆ. ಗಿಟ್‌ನ ಮೊದಲ ದಿನಗಳಲ್ಲಿ ಇಂಡೆಕ್ಸ್‌ಗೆ ಕ್ಯಾಶ್ ಎಂಬ ಹೆಸರೂ ಇತ್ತು. ಸ್ಟೇಜ್ ಆದದ್ದನ್ನು ತೋರಿಸುವ ಆಜ್ಞೆಯಲ್ಲಿ ಇಂದಿಗೂ ಕ್ಯಾಶ್ಡ್ ಎಂಬ ಆಯ್ಕೆ ಉಳಿದುಕೊಂಡಿರುವುದು ಆ ಕಾಲದ ನೆನಪಿಗೆ. ಒಂದೇ ವಸ್ತುವಿಗೆ ಮೂರು ಹೆಸರು ಇಟ್ಟುಕೊಂಡದ್ದರಿಂದ ಕಲಿಯುವವರಿಗಾದ ತೊಂದರೆ ಅಷ್ಟಿಷ್ಟಲ್ಲ.

ಹಳೆಯ ಪುಟವೊಂದನ್ನು ಕಪಾಟಿನಿಂದ ತೆಗೆದು ಮೇಜಿನ ಮೇಲೆ ಇಡುವುದರಿಂದ ಮುದ್ರಣಾಲಯದಲ್ಲಿ ಯಾವ ಅಪಾಯವೂ ಇಲ್ಲ. ಅದೇ ಪುಟವನ್ನು ನೇರವಾಗಿ ಫಾರಂಗೆ ಬಿಗಿದುಬಿಟ್ಟರೆ ಮುಂದಿನ ಸಲ ಯಂತ್ರ ತಿರುಗಿದಾಗ ಹಳೆಯ ತಪ್ಪುಗಳೆಲ್ಲ ಮತ್ತೆ ಅಚ್ಚಾಗುತ್ತವೆ. ಗಿಟ್ ಚೆಕ್‌ಔಟ್ ಎಂಬ ಹಳೆಯ ಆಜ್ಞೆ ಮಾಡುತ್ತಿದ್ದದ್ದು ಇದನ್ನೇ.

ಮೂರು ಭಾಷೆಗಳ ಮೂರು ಕಡತಗಳು

ಫಳ್ನೀರ್‌ನ ರಸ್ತೆಯಲ್ಲಿ ಕನ್ನಡ, ತುಳು, ಕೊಂಕಣಿ, ಬ್ಯಾರಿ ಭಾಷೆಗಳು ಒಟ್ಟಿಗೇ ಕಿವಿಗೆ ಬೀಳುತ್ತವೆ. ಇವುಗಳಲ್ಲಿ ಮೂರು ಭಾಷೆಗಳು ಗಿಟ್ ಭಂಡಾರವೊಂದರ ಒಂದೇ ಕಡತಕೋಶದಲ್ಲಿಯೂ ಅಕ್ಕಪಕ್ಕದಲ್ಲಿವೆ ಎಂಬುದು ಹೆಚ್ಚಿನವರಿಗೆ ತಿಳಿದಿರಲಿಕ್ಕಿಲ್ಲ. ಉಬುಂಟು, ಡೆಬಿಯನ್, ಫೆಡೋರಾ ಮೊದಲಾದ ಲಿನಕ್ಸ್ ವ್ಯವಸ್ಥೆಗಳಿಗೆ ಆಧಾರವಾಗಿರುವ ಜಿಲಿಬ್‌ಸಿ ಎಂಬ ಮುಕ್ತ ತಂತ್ರಾಂಶದಲ್ಲಿ ಪ್ರತಿ ಭಾಷೆ-ದೇಶದ ಜೋಡಿಗೂ ಒಂದು ಲೊಕೇಲ್ ಕಡತವಿರುತ್ತದೆ. ವಾರದ ದಿನಗಳ ಹೆಸರು, ತಿಂಗಳುಗಳ ಹೆಸರು, ದಿನಾಂಕ ಬರೆಯುವ ಕ್ರಮ, ಹಣದ ಚಿಹ್ನೆ, ಹೌದು-ಇಲ್ಲ ಎಂಬ ಪದಗಳು ಇವೆಲ್ಲ ಅದರಲ್ಲಿರುತ್ತವೆ. ಭಾರತದ ಕನ್ನಡಕ್ಕೆ 'ಕೆಎನ್_ಐಎನ್', ಕೊಂಕಣಿಗೆ 'ಕೆಒಕೆ_ಐಎನ್', ತುಳುವಿಗೆ 'ಟಿಸಿವೈ_ಐಎನ್' ಎಂಬ ಕಡತಗಳಿವೆ. ಟಿಸಿವೈ ಎಂಬುದು ಭಾಷಾ ಸಂಕೇತಗಳ ಅಂತಾರಾಷ್ಟ್ರೀಯ ಪಟ್ಟಿಯಲ್ಲಿ ತುಳುವಿಗೆ ಇರುವ ಗುರುತು.

ಈಗ ಒಂದು ಸನ್ನಿವೇಶವನ್ನು ಕಲ್ಪಿಸಿಕೊಳ್ಳಬಹುದು. ಫಳ್ನೀರ್‌ನ ಮನೆಯೊಂದರಲ್ಲಿ ಕುಳಿತ ಸ್ವಯಂಸೇವಕಿಯೊಬ್ಬರು ತುಳು ಲೊಕೇಲ್ ಕಡತವನ್ನು ತಿದ್ದುತ್ತಿದ್ದಾರೆ. ವಾರದ ಹೆಸರುಗಳ ಕಾಗುಣಿತವನ್ನು ಸರಿಪಡಿಸಿ ಅದನ್ನು ಸ್ಟೇಜ್ ಮಾಡಿ ಇಟ್ಟಿದ್ದಾರೆ. ಆಮೇಲೆ ತಿಂಗಳ ಹೆಸರುಗಳ ಬಗ್ಗೆ ಸಂಶಯ ಬರುತ್ತದೆ. ಎರಡು ಕಮಿಟ್‌ಗಳ ಹಿಂದೆ ಇದ್ದ ರೂಪವೇ ಸರಿ ಇತ್ತೇನೋ ಎಂದು ಆ ಕಾಲದ ಕಡತವನ್ನು ತಂದು ನೋಡಲು ಬಯಸುತ್ತಾರೆ. ಹಳೆಯ ಆಜ್ಞೆ ಕೊಟ್ಟರೆ ಮೇಜಿನ ಮೇಲಿನ ಕಡತ ಹಳೆಯದಾಗುತ್ತದೆ. ಜೊತೆಗೆ ಇಂಡೆಕ್ಸ್‌ನಲ್ಲಿ ಸಿದ್ಧವಾಗಿದ್ದ ವಾರದ ಹೆಸರುಗಳ ತಿದ್ದುಪಡಿಯೂ ಸದ್ದಿಲ್ಲದೆ ಹೋಗಿ ಅಲ್ಲಿಯೂ ಹಳೆಯ ಕಡತವೇ ಕುಳಿತುಕೊಳ್ಳುತ್ತದೆ. ಗಮನಿಸದೆ ಕಮಿಟ್ ಮಾಡಿದರೆ ತಿದ್ದಿದ ಕಾಗುಣಿತದ ಬದಲು ಹಿಂದಿನ ತಪ್ಪು ಕಾಗುಣಿತ ಸೇರುತ್ತದೆ. ಜಿಲಿಬ್‌ಸಿ ಸಾಮಾನ್ಯವಾಗಿ ವರ್ಷಕ್ಕೆರಡು ಬಾರಿ, ಫೆಬ್ರವರಿ ಮತ್ತು ಆಗಸ್ಟ್ ತಿಂಗಳುಗಳಲ್ಲಿ ಬಿಡುಗಡೆಯಾಗುತ್ತದೆ. ಪರಿಶೀಲಕರ ಕಣ್ಣು ತಪ್ಪಿಸಿಕೊಂಡ ದೋಷವೊಂದು ಬಿಡುಗಡೆಯಾದರೆ ಅದನ್ನು ತಿದ್ದಲು ಮುಂದಿನ ಬಿಡುಗಡೆಯವರೆಗೆ ಕಾಯಬೇಕು. ಬಳಕೆದಾರರ ಗಣಕಕ್ಕೆ ತಿದ್ದುಪಡಿ ತಲುಪಲು ಅದಕ್ಕಿಂತಲೂ ಹೆಚ್ಚು ಸಮಯ ಹಿಡಿಯುತ್ತದೆ. ತುಳು ಬಲ್ಲ ಪರಿಶೀಲಕರು ಇಂತಹ ಯೋಜನೆಗಳಲ್ಲಿ ಎಷ್ಟು ಜನ ಸಿಕ್ಕಾರು ಎಂಬುದನ್ನು ಊಹಿಸಿಕೊಳ್ಳಬಹುದು.

ಮುಂದೆ ಕೊಡುವ ಆಜ್ಞೆಗಳಿಗೆ ಇದೇ ಕಡತ ಉದಾಹರಣೆ. ಇಲ್ಲಿ ಕನ್ನಡ ಲಿಪಿಯಲ್ಲಿ ಬರೆದಿರುವ ಆಜ್ಞೆಗಳನ್ನು ಗಣಕದಲ್ಲಿ ಇಂಗ್ಲಿಷಿನ ಸಣ್ಣಕ್ಷರಗಳಲ್ಲಿ ಬೆರಳಚ್ಚಿಸಬೇಕು. ಇತ್ತೀಚಿನ ಕಮಿಟ್ ಅನ್ನು ಸೂಚಿಸುವ 'ಹೆಡ್' ಎಂಬ ಪದ ಮಾತ್ರ ದೊಡ್ಡಕ್ಷರಗಳಲ್ಲಿರಬೇಕು. 'ಹೆಡ್~2' ಎಂದರೆ ಅಲ್ಲಿಂದ ಎರಡು ಹೆಜ್ಜೆ ಹಿಂದಿನದು. ಕಡತದ ಹೆಸರಿನಲ್ಲಿ ದೇಶದ ಗುರುತಾದ ಐಎನ್ ಸಹ ದೊಡ್ಡಕ್ಷರವೇ.

ಚೆಕ್‌ಔಟ್‌ನ ಎರಡು ಮುಖ

ಲಿನಕ್ಸ್ ಕರ್ನೆಲ್ ಅಭಿವೃದ್ಧಿಗೆ 2002ರಿಂದ ಬಿಟ್‌ಕೀಪರ್ ಎಂಬ ಖಾಸಗಿ ತಂತ್ರಾಂಶ ಬಳಕೆಯಾಗುತ್ತಿತ್ತು. 2005ರಲ್ಲಿ ಅದರ ಉಚಿತ ಬಳಕೆಯ ಅನುಮತಿ ನಿಂತುಹೋದಾಗ ಲಿನಸ್ ಟೊರ್ವಾಲ್ಡ್ಸ್ ಅದೇ ವರ್ಷದ ಏಪ್ರಿಲ್‌ನಲ್ಲಿ ಗಿಟ್ ಬರೆಯಲು ಆರಂಭಿಸಿದರು. ಜುಲೈಯಿಂದ ಅದರ ನಿರ್ವಹಣೆಯನ್ನು ಜುನಿಯೋ ಹಮಾನೋ ವಹಿಸಿಕೊಂಡರು. ಕರ್ನೆಲ್ ಪರಿಣತರ ತುರ್ತು ಅಗತ್ಯಕ್ಕೆಂದು ಹುಟ್ಟಿದ ಈ ತಂತ್ರಾಂಶದಲ್ಲಿ ಆಜ್ಞೆಗಳ ಹೆಸರುಗಳು ಸಾಮಾನ್ಯ ಬಳಕೆದಾರನನ್ನು ಎದುರಿಗಿಟ್ಟುಕೊಂಡು ಇಟ್ಟವುಗಳಲ್ಲ.

ಚೆಕ್‌ಔಟ್ ಎಂಬ ಒಂದೇ ಆಜ್ಞೆ ಎರಡು ಸಂಬಂಧವಿಲ್ಲದ ಕೆಲಸಗಳನ್ನು ಮಾಡುತ್ತದೆ. ಶಾಖೆಯ ಹೆಸರು ಕೊಟ್ಟರೆ ಶಾಖೆ ಬದಲಾಗುತ್ತದೆ. ಕಡತದ ಹೆಸರು ಕೊಟ್ಟರೆ ಆ ಕಡತದಲ್ಲಿ ಮಾಡಿದ ಬದಲಾವಣೆಗಳು ಅಳಿಸಿಹೋಗುತ್ತವೆ. ಶಾಖೆಗೂ ಕಡತಕ್ಕೂ ಒಂದೇ ಹೆಸರಿದ್ದರೆ ಗೊಂದಲ ತಪ್ಪಿಸಲು ನಡುವೆ ಎರಡು ಅಡ್ಡಗೆರೆ ಹಾಕಬೇಕು. ಇನ್ನೂ ಒಂದು ಒಳಸುಳಿ ಇದೆ.

ಗಿಟ್ ಚೆಕ್‌ಔಟ್ -- ಟಿಸಿವೈ_ಐಎನ್

ಎಂದರೆ ಇಂಡೆಕ್ಸ್‌ನಲ್ಲಿರುವುದನ್ನು ಮೇಜಿಗೆ ನಕಲು ಮಾಡು ಎಂದರ್ಥ. ಇಂಡೆಕ್ಸ್‌ಗೆ ಏನೂ ಆಗುವುದಿಲ್ಲ. ಅದೇ ಆಜ್ಞೆಗೆ ಹಳೆಯ ಕಮಿಟ್‌ನ ಹೆಸರೊಂದನ್ನು ಸೇರಿಸಿ

ಗಿಟ್ ಚೆಕ್‌ಔಟ್ ಹೆಡ್~2 -- ಟಿಸಿವೈ_ಐಎನ್

ಎಂದರೆ ಮೇಜು, ಇಂಡೆಕ್ಸ್ ಎರಡೂ ಬದಲಾಗುತ್ತವೆ. ಒಂದು ಪದ ಹೆಚ್ಚಾದೊಡನೆ ಆಜ್ಞೆಯ ವ್ಯಾಪ್ತಿಯೇ ಬದಲಾಗುತ್ತದೆಂದು ಹೊಸಬರು ಊಹಿಸುವುದಾದರೂ ಹೇಗೆ? ಕಡತವನ್ನು ಸ್ಟೇಜ್ ಮಾಡಿದ್ದೇನೆ ಎಂಬ ವಿಶೇಷ ಎಚ್ಚರಿಕೆಯೂ ಪರದೆಯ ಮೇಲೆ ಬರುವುದಿಲ್ಲ.

ಗಿಟ್‌ಗಿಂತ ಹಿಂದಿನ ತಂತ್ರಾಂಶಗಳಲ್ಲಿ ಈ ಪ್ರಶ್ನೆಯೇ ಇರಲಿಲ್ಲ, ಏಕೆಂದರೆ ಅವುಗಳಲ್ಲಿ ಇಂಡೆಕ್ಸ್ ಎಂಬ ನಡುವಣ ನೆಲೆ ಇರಲಿಲ್ಲ. ಬೆಲ್ ಪ್ರಯೋಗಾಲಯದಲ್ಲಿ 1972ರಲ್ಲಿ ಮಾರ್ಕ್ ರೋಚ್‌ಕೈಂಡ್ ಬರೆದ ಎಸ್‌ಸಿಸಿಎಸ್, 80ರ ದಶಕದ ಆರ್‌ಸಿಎಸ್ ಹಾಗೂ ಸಿವಿಎಸ್, 2004ರಲ್ಲಿ ಮೊದಲ ಪೂರ್ಣ ಆವೃತ್ತಿ ಕಂಡ ಸಬ್‌ವರ್ಶನ್ ಇವುಗಳಲ್ಲೆಲ್ಲ ಮೇಜು ಹಾಗೂ ಭಂಡಾರ ಎರಡೇ. ತೊಂದರೆಗಳು ಅಲ್ಲಿಯೂ ಇದ್ದವು. ಸಿವಿಎಸ್‌ನಲ್ಲಿ ಹಳೆಯ ಆವೃತ್ತಿಯನ್ನು ಅಪ್‌ಡೇಟ್ ಆಜ್ಞೆಯಿಂದ ತಂದರೆ ಕಡತಕ್ಕೆ ಆ ಆವೃತ್ತಿಯ ಗುರುತು ಅಂಟಿಕೊಂಡು, ಮುಂದೆ ಅದನ್ನು ಕಮಿಟ್ ಮಾಡಲು ಬಿಡುತ್ತಿರಲಿಲ್ಲ. ಹಾಗಾಗಿ ಅನುಭವಿಗಳು ಹಳೆಯ ಪಠ್ಯವನ್ನು ಪರದೆಗೆ ಮುದ್ರಿಸುವ ಆಯ್ಕೆ ಬಳಸಿ, ಅದನ್ನು ಕಡತಕ್ಕೆ ತಿರುಗಿಸಿಕೊಳ್ಳುತ್ತಿದ್ದರು. ಗಿಟ್ ಹುಟ್ಟಿದ ತಿಂಗಳಲ್ಲೇ ಹುಟ್ಟಿದ ಮರ್ಕ್ಯುರಿಯಲ್ ಈ ವಿಷಯದಲ್ಲಿ ಹೆಚ್ಚು ಸೌಜನ್ಯದ್ದು. ಅದರ ರಿವರ್ಟ್ ಆಜ್ಞೆಯು ಹಳೆಯದನ್ನು ತರುವ ಮೊದಲು, ಮೇಜಿನ ಮೇಲಿನ ತಿದ್ದಿದ ಕಡತವನ್ನು '.ಒರಿಗ್' ಎಂಬ ಬಾಲ ಸೇರಿಸಿ ಪಕ್ಕಕ್ಕೆ ಎತ್ತಿಡುತ್ತದೆ. ಗಿಟ್ ಅಂತಹ ಯಾವ ನಕಲನ್ನೂ ಇಡುವುದಿಲ್ಲ.

2019ರ ರಿಸ್ಟೋರ್

2019ರ ಆಗಸ್ಟ್‌ನಲ್ಲಿ ಬಿಡುಗಡೆಯಾದ ಗಿಟ್ 2.23ರಲ್ಲಿ ಚೆಕ್‌ಔಟ್‌ನ ಎರಡು ಮುಖಗಳನ್ನು ಎರಡು ಆಜ್ಞೆಗಳಾಗಿ ಬೇರ್ಪಡಿಸಲಾಯಿತು. ಶಾಖೆ ಬದಲಿಸಲು ಸ್ವಿಚ್, ಕಡತ ಹಿಂಪಡೆಯಲು ರಿಸ್ಟೋರ್. ಈ ಕೆಲಸ ಮಾಡಿದವರು ವಿಯೆಟ್ನಾಂ ಮೂಲದ ನುಯೆನ್ ಥಾಯ್ ನೊಕ್ ಜುಯ್. ಹಳೆಯ ಚೆಕ್‌ಔಟ್ ಅನ್ನು ತೆಗೆದುಹಾಕಲಿಲ್ಲ. ಅದು ಈಗಲೂ ಹಿಂದಿನಂತೆಯೇ ಕೆಲಸ ಮಾಡುತ್ತದೆ. ರಿಸ್ಟೋರ್ ಆಜ್ಞೆಗೆ ಅಂಟಿಸಿದ್ದ 'ಪ್ರಾಯೋಗಿಕ' ಎಂಬ ಹಣೆಪಟ್ಟಿ ಮಾತ್ರ ಬಹುಕಾಲ ಉಳಿದು, 2025ರ ಆಗಸ್ಟ್‌ನಲ್ಲಿ ಬಂದ 2.51ರಲ್ಲಿ ಕಳಚಿತು.

ಸ್ವಯಂಸೇವಕಿಗೆ ಬೇಕಾದದ್ದು ಇಷ್ಟೇ:

ಗಿಟ್ ರಿಸ್ಟೋರ್ --ಸೋರ್ಸ್=ಹೆಡ್~2 ಟಿಸಿವೈ_ಐಎನ್

ಇದರಿಂದ ಎರಡು ಕಮಿಟ್ ಹಿಂದಿನ ಕಡತ ಮೇಜಿಗೆ ಬರುತ್ತದೆ. ಇಂಡೆಕ್ಸ್‌ನಲ್ಲಿ ಸಿದ್ಧವಾಗಿದ್ದ ವಾರದ ಹೆಸರುಗಳು ಹಾಗೆಯೇ ಉಳಿಯುತ್ತವೆ. ಬೇರೇನನ್ನೂ ಹೇಳದಿದ್ದರೆ ರಿಸ್ಟೋರ್ ಮುಟ್ಟುವುದು ಮೇಜನ್ನು ಮಾತ್ರ. ಇದೇ ಅದರ ಮುಖ್ಯ ಗುಣ. '--ಸ್ಟೇಜ್ಡ್' ಎಂದರೆ ಇಂಡೆಕ್ಸ್ ಮಾತ್ರ ಬದಲಾಗುತ್ತದೆ. '--ಸ್ಟೇಜ್ಡ್ --ವರ್ಕ್‌ಟ್ರೀ' ಎಂದು ಎರಡನ್ನೂ ಬರೆದರೆ ಎರಡೂ ಬದಲಾಗುತ್ತವೆ. ಎಲ್ಲಿಂದ ತರಬೇಕೆಂದು ಹೇಳದಿದ್ದಲ್ಲಿ ಮೇಜಿಗೆ ಇಂಡೆಕ್ಸ್‌ನಿಂದಲೂ, ಇಂಡೆಕ್ಸ್‌ಗೆ ಇತ್ತೀಚಿನ ಕಮಿಟ್‌ನಿಂದಲೂ ತರಲಾಗುತ್ತದೆ.

ಹಳೆಯ ಕಮಿಟ್ ಯಾವುದೆಂದು ಕಂಡುಕೊಳ್ಳಲು 'ಗಿಟ್ ಲಾಗ್ --ಒನ್‌ಲೈನ್ -- ಟಿಸಿವೈ_ಐಎನ್' ಎಂದರೆ ಆ ಕಡತವನ್ನು ಮುಟ್ಟಿದ ಕಮಿಟ್‌ಗಳ ಪಟ್ಟಿ ಸಿಗುತ್ತದೆ. ಅಲ್ಲಿ ಕಾಣುವ ಗುರುತಿನ ಸಂಖ್ಯೆಯನ್ನು ಹೆಡ್~2 ಬದಲಿಗೆ ಬಳಸಬಹುದು. ಎಣಿಕೆ ತಪ್ಪುವ ಭಯವಿಲ್ಲದ್ದರಿಂದ ಅದೇ ಮೇಲು.

ಪೂರ್ತಿ ಕಡತ ಬೇಡ, ತಿಂಗಳ ಹೆಸರುಗಳಷ್ಟೇ ಸಾಕು ಎಂದಾದರೆ ಇದೇ ಆಜ್ಞೆಗೆ '--ಪ್ಯಾಚ್' ಸೇರಿಸಬಹುದು. ಆಗ ಗಿಟ್ ಒಂದೊಂದೇ ತುಣುಕನ್ನು ತೋರಿಸಿ ತರಲೇ ಬೇಡವೇ ಎಂದು ಕೇಳುತ್ತದೆ. ಅಕ್ಷರಕ್ಕೆ ಅಕ್ಷರ ನೋಡಿ ಕೆಲಸ ಮಾಡಬೇಕಾದ ಲೊಕೇಲ್, ಅನುವಾದ, ನಿಘಂಟು ಮುಂತಾದ ಕಡತಗಳಿಗೆ ಇದರಷ್ಟು ಒಳ್ಳೆಯ ದಾರಿ ಇನ್ನೊಂದಿಲ್ಲ. ಇನ್ನು ನೋಡುವುದಷ್ಟೇ ಉದ್ದೇಶವಾಗಿದ್ದರೆ ಏನನ್ನೂ ತರುವ ಅಗತ್ಯವೇ ಇಲ್ಲ. 'ಗಿಟ್ ಡಿಫ್ ಹೆಡ್~2 -- ಟಿಸಿವೈ_ಐಎನ್' ಎಂದರೆ ವ್ಯತ್ಯಾಸ ಕಾಣುತ್ತದೆ. ಎಷ್ಟೋ ಮರುಸ್ಥಾಪನೆಗಳು ಇಲ್ಲಿಗೇ ಮುಗಿಯಬಹುದಾಗಿದ್ದವು.

ತಂದ ಮೇಲೆ ಪರೀಕ್ಷೆ

'ಗಿಟ್ ಸ್ಟೇಟಸ್ --ಶಾರ್ಟ್' ಎಂಬ ಆಜ್ಞೆ ಪ್ರತಿ ಕಡತದ ಮುಂದೆ ಎರಡು ಅಕ್ಷರಗಳ ಜಾಗವನ್ನು ತೋರಿಸುತ್ತದೆ. ಎಡಗಡೆಯದು ಇಂಡೆಕ್ಸ್‌ನ ಸ್ಥಿತಿ, ಬಲಗಡೆಯದು ಮೇಜಿನ ಸ್ಥಿತಿ. ಬದಲಾದದ್ದಕ್ಕೆ 'ಎಂ' ಅಕ್ಷರ. ಮೊದಲು ಏನೂ ಸ್ಟೇಜ್ ಆಗಿಲ್ಲದ ಕಡತವನ್ನು ಹಳೆಯ ಚೆಕ್‌ಔಟ್‌ನಿಂದ ತಂದರೆ ಎಂ ಎಡಗಡೆ ಬರುತ್ತದೆ. ರಿಸ್ಟೋರ್‌ನಿಂದ ತಂದರೆ ಬಲಗಡೆ. ತುಳು ಕಡತದ ಉದಾಹರಣೆಯಲ್ಲಿ ವಾರದ ಹೆಸರುಗಳು ಮೊದಲೇ ಸ್ಟೇಜ್ ಆಗಿದ್ದವಾದ್ದರಿಂದ ರಿಸ್ಟೋರ್ ಬಳಿಕ ಎರಡೂ ಕಡೆ ಎಂ ಇರಬೇಕು. ಎಡಗಡೆಯ ಎಂ ಏನನ್ನು ಒಳಗೊಂಡಿದೆ ಎಂದು 'ಗಿಟ್ ಡಿಫ್ --ಸ್ಟೇಜ್ಡ್' ಹೇಳುತ್ತದೆ, ಬಲಗಡೆಯದನ್ನು ಬರಿಯ 'ಗಿಟ್ ಡಿಫ್' ಹೇಳುತ್ತದೆ.

ಸ್ಟೇಜ್ ಆಗದಂತೆ ತಂದರೆ ಸಾಲದು, ಆಮೇಲೆ ಆಗದಂತೆ ನೋಡಿಕೊಳ್ಳಬೇಕು. 'ಗಿಟ್ ಕಮಿಟ್ -ಎ' ಎಂಬ ಜನಪ್ರಿಯ ಅಡ್ಡದಾರಿ ಮೇಜಿನ ಮೇಲೆ ಬದಲಾದ, ಗಿಟ್‌ಗೆ ಪರಿಚಿತವಾದ ಎಲ್ಲ ಕಡತಗಳನ್ನೂ ಒಟ್ಟಿಗೆ ಬಾಚಿಕೊಳ್ಳುತ್ತದೆ. 'ಗಿಟ್ ಆ್ಯಡ್' ಬಳಿಕ ಒಂದು ಚುಕ್ಕೆ ಹಾಕಿದರೂ ಅದೇ ಪರಿಣಾಮ. 'ಗಿಟ್ ಕಮಿಟ್' ಮುಂದೆ ಕಡತದ ಹೆಸರು ಬರೆದರೆ ಗಿಟ್ ಇಂಡೆಕ್ಸ್ ಬಿಟ್ಟು ಮೇಜಿನ ಮೇಲಿನ ರೂಪವನ್ನೇ ತೆಗೆದುಕೊಳ್ಳುತ್ತದೆ. ವಿಎಸ್ ಕೋಡ್ ಸಂಪಾದಕದಲ್ಲಿ ಸ್ಟೇಜ್ ಆದದ್ದು ಏನೂ ಇಲ್ಲದಿರುವಾಗ ಕಮಿಟ್ ಗುಂಡಿ ಒತ್ತಿದರೆ ಎಲ್ಲವನ್ನೂ ಸ್ಟೇಜ್ ಮಾಡಿ ಮುಂದುವರಿಯಲೇ ಎಂಬ ಪ್ರಶ್ನೆ ಬರುತ್ತದೆ. ಓದದೆ ಹೌದು ಎನ್ನುವವರೇ ಹೆಚ್ಚು.

2.23ಕ್ಕಿಂತ ಹಳೆಯ ಗಿಟ್ ಇರುವಲ್ಲಿ

ಎಷ್ಟೋ ವರ್ಷಗಳಿಂದ ಮೇಲ್ದರ್ಜೆಗೇರಿಸದ ಸರ್ವರ್‌ಗಳಲ್ಲಿ ರಿಸ್ಟೋರ್ ಸಿಗದಿರಬಹುದು. ಅಲ್ಲಿ ಎರಡು ದಾರಿಗಳಿವೆ. ಒಂದು, ಚೆಕ್‌ಔಟ್‌ನಿಂದ ತಂದು ಕೂಡಲೇ 'ಗಿಟ್ ರಿಸೆಟ್ -- ಟಿಸಿವೈ_ಐಎನ್' ಎಂದು ಇಂಡೆಕ್ಸ್‌ನಿಂದ ಕೆಳಗಿಳಿಸುವುದು. ಮೇಜಿನ ಮೇಲೆ ಹಳೆಯ ಕಡತ ಉಳಿಯುತ್ತದೆ, ಇಂಡೆಕ್ಸ್ ಇತ್ತೀಚಿನ ಕಮಿಟ್‌ನ ಸ್ಥಿತಿಗೆ ಮರಳುತ್ತದೆ. ಮೊದಲೇ ಏನಾದರೂ ಸ್ಟೇಜ್ ಮಾಡಿದ್ದರೆ ಅದು ಮಾತ್ರ ಮರಳುವುದಿಲ್ಲ. ಇದೇ ರಿಸೆಟ್‌ಗೆ '--ಹಾರ್ಡ್' ಸೇರಿಸುವ ತಪ್ಪನ್ನು ಯಾರೂ ಮಾಡಬಾರದು. ಕಮಿಟ್ ಆಗದ ಕೆಲಸವನ್ನೆಲ್ಲ ಅದು ಗುಡಿಸಿ ಹಾಕುತ್ತದೆ.

ಎರಡನೆಯ ದಾರಿ ಸಿವಿಎಸ್ ಕಾಲದ ಉಪಾಯವೇ: ಹಳೆಯ ಪಠ್ಯವನ್ನು ಪರದೆಗೆ ಮುದ್ರಿಸಿ ಕಡತಕ್ಕೆ ತಿರುಗಿಸುವುದು.

ಗಿಟ್ ಶೋ ಹೆಡ್~2:./ಟಿಸಿವೈ_ಐಎನ್ > ಹಳೆಯದು.ಟಿಎಕ್ಸ್‌ಟಿ

ವಿವರಣಚಿಹ್ನೆಯ ಬಳಿಕ ಚುಕ್ಕೆ ಮತ್ತು ಓರೆಗೆರೆ ಹಾಕದಿದ್ದರೆ ಗಿಟ್ ಕಡತವನ್ನು ಭಂಡಾರದ ಬುಡದಿಂದ ಹುಡುಕುತ್ತದೆ. ಉತ್ಪನ್ನವನ್ನು ಮೂಲ ಕಡತದ ಹೆಸರಿಗೇ ತಿರುಗಿಸಬಾರದು ಎಂಬುದನ್ನು ಒತ್ತಿ ಹೇಳಬೇಕಾಗಿದೆ. ಗಿಟ್ ಓಡಲು ಆರಂಭಿಸುವ ಮೊದಲೇ ಶೆಲ್ ಆ ಕಡತವನ್ನು ಬರಿದು ಮಾಡಿರುತ್ತದೆ. ಕಮಿಟ್‌ನ ಹೆಸರಿನಲ್ಲಿ ಒಂದಕ್ಷರ ತಪ್ಪಿದರೂ ಗಿಟ್ ದೋಷ ಸಂದೇಶ ಕೊಟ್ಟು ನಿಲ್ಲುತ್ತದೆ, ಬಳಕೆದಾರನ ಕೈಯಲ್ಲಿ ಸೊನ್ನೆ ಗಾತ್ರದ ಕಡತ ಉಳಿಯುತ್ತದೆ. ರಿಸ್ಟೋರ್‌ಗೆ ತಪ್ಪು ಹೆಸರು ಕೊಟ್ಟರೆ ಹಾಗಾಗದು. ಅದು ಏನನ್ನೂ ಮುಟ್ಟದೆ ನಿರಾಕರಿಸುತ್ತದೆ. ದೊಡ್ಡ ಚಿತ್ರ ಹಾಗೂ ಧ್ವನಿ ಕಡತಗಳನ್ನು ಎಲ್‌ಎಫ್‌ಎಸ್ ಮೂಲಕ ಇಟ್ಟಿರುವ ಭಂಡಾರಗಳಲ್ಲಿ ಶೋ ಆಜ್ಞೆ ಚಿತ್ರದ ಬದಲು ಅದರ ವಿಳಾಸಚೀಟಿಯಂತಹ ಮೂರ್ನಾಲ್ಕು ಸಾಲುಗಳನ್ನಷ್ಟೇ ಕೊಡುತ್ತದೆ.

ಕನ್ನಡ ಅಕ್ಷರಗಳ ಪಾಡು

ಕನ್ನಡ ಪಠ್ಯದೊಂದಿಗೆ ಕೆಲಸ ಮಾಡುವವರಿಗೆ ವಿಂಡೋಸ್‌ನಲ್ಲಿ ಇನ್ನೊಂದು ಗಂಡಾಂತರವಿದೆ. ವಿಂಡೋಸ್‌ನೊಂದಿಗೇ ಬರುವ ಪವರ್‌ಶೆಲ್ 5.1ರಲ್ಲಿ ಮೇಲಿನಂತೆ ಶೋ ಆಜ್ಞೆಯ ಉತ್ಪನ್ನವನ್ನು ಕಡತಕ್ಕೆ ತಿರುಗಿಸಿದರೆ, ಪವರ್‌ಶೆಲ್ ನಡುವೆ ಬಂದು ಯುಟಿಎಫ್-8ರ ಬೈಟ್‌ಗಳನ್ನು ತನ್ನದೇ ಸಂಕೇತಪಟ್ಟಿಯಲ್ಲಿ ಓದಿ, ಯುಟಿಎಫ್-16ರಲ್ಲಿ ಬರೆಯುತ್ತದೆ. ಇಂಗ್ಲಿಷ್ ಅಕ್ಷರಗಳು ಓದಲು ಬರುವಂತೆಯೇ ಉಳಿಯುತ್ತವೆ. ಕನ್ನಡ ಅಕ್ಷರಗಳು ಚಿತ್ರವಿಚಿತ್ರ ಚಿಹ್ನೆಗಳಾಗುತ್ತವೆ. ಇಂಗ್ಲಿಷ್ ಭಾಗವನ್ನಷ್ಟೇ ನೋಡಿ ಸರಿ ಎಂದುಕೊಂಡವರು ಹಾಳಾದ ಕಡತವನ್ನು ಕಮಿಟ್ ಮಾಡುವ ಸಾಧ್ಯತೆ ಇದೆ. 2023ರ ಪವರ್‌ಶೆಲ್ 7.4ರಿಂದ ಬೈಟ್‌ಗಳನ್ನು ಇದ್ದಂತೆಯೇ ದಾಟಿಸುವ ವ್ಯವಸ್ಥೆ ಬಂದಿದೆ. ಆದರೆ ಅದನ್ನು ಪ್ರತ್ಯೇಕವಾಗಿ ಸ್ಥಾಪಿಸಿಕೊಳ್ಳಬೇಕು. ರಿಸ್ಟೋರ್ ಆಜ್ಞೆಯಲ್ಲಿ ಕಡತವನ್ನು ಬರೆಯುವುದು ಗಿಟ್ ತಾನೇ ಆದ್ದರಿಂದ ಈ ರಗಳೆ ಇಲ್ಲ. ಕನ್ನಡಿಗರು ಶೋ ಬಿಟ್ಟು ರಿಸ್ಟೋರ್ ಹಿಡಿಯಲು ಇದೊಂದೇ ಕಾರಣ ಸಾಕು.

ಕಡತದ ಹೆಸರೇ ಕನ್ನಡದಲ್ಲಿದ್ದರೆ ಸ್ಟೇಟಸ್ ಪಟ್ಟಿಯಲ್ಲಿ ಅದು ಗುರುತು ಸಿಗದಂತೆ ಕಾಣುತ್ತದೆ. 'ಕ' ಎಂಬ ಒಂದಕ್ಷರದ ಜಾಗದಲ್ಲಿ \340\262\225 ಎಂಬ ಅಂಕಿಗಳ ಸಾಲು ಬರುತ್ತದೆ. ಕಡತ ಹಾಳಾಗಿಲ್ಲ, ಇಂಗ್ಲಿಷೇತರ ಬೈಟ್‌ಗಳನ್ನು ಗಿಟ್ ಹಾಗೆ ಅಷ್ಟಮಾನ ಪದ್ಧತಿಯಲ್ಲಿ ತೋರಿಸುತ್ತದೆ ಅಷ್ಟೆ. 'ಗಿಟ್ ಕಾನ್ಫಿಗ್ --ಗ್ಲೋಬಲ್ ಕೋರ್.ಕೋಟ್‌ಪಾತ್ ಫಾಲ್ಸ್' ಎಂದು ಒಮ್ಮೆ ಹೇಳಿದರೆ ಕನ್ನಡ ಹೆಸರುಗಳು ಕನ್ನಡದಲ್ಲೇ ಕಾಣುತ್ತವೆ. ಯಾವ ಕಡತ ಸ್ಟೇಜ್ ಆಗಿದೆ ಎಂದು ಕಣ್ಣಿನಿಂದ ಓದಿ ತಿಳಿಯಬೇಕಾದವರಿಗೆ ಇದು ಅತ್ಯಗತ್ಯ.

ಇಡೀ ಕೋಶ, ಅಳಿಸಿಹೋದ ಕಡತ

ಒಂದು ಕಡತಕ್ಕೆ ಸುರಕ್ಷಿತವಾಗಿ ಕಂಡ ರಿಸ್ಟೋರ್ ಇಡೀ ಕೋಶದ ಮೇಲೆ ಓಡಿಸಿದಾಗ ಬೇರೆ ಸ್ವಭಾವ ತೋರಿಸುತ್ತದೆ. ಹಳೆಯ ಚೆಕ್‌ಔಟ್ ಹಳೆಯ ಕಡತಗಳನ್ನು ಇಂದಿನವುಗಳ ಮೇಲೆ ಹೊದಿಸುತ್ತಿತ್ತು. ಆ ಕಾಲದಲ್ಲಿ ಇಲ್ಲದ ಹೊಸ ಕಡತಗಳನ್ನು ಅಳಿಸುತ್ತಿರಲಿಲ್ಲ. ರಿಸ್ಟೋರ್ ಹಾಗಲ್ಲ. ಹಳೆಯ ಕಮಿಟ್‌ನಲ್ಲಿ ಇಲ್ಲದ, ಈಗ ಗಿಟ್‌ನ ಲೆಕ್ಕದಲ್ಲಿರುವ ಕಡತಗಳನ್ನು ಅದು ಮೇಜಿನಿಂದ ತೆಗೆದುಹಾಕುತ್ತದೆ. ಅಂದರೆ ತುಳು ಕಡತ ಸೇರುವುದಕ್ಕಿಂತ ಹಿಂದಿನ ಕಾಲಕ್ಕೆ ಇಡೀ ಲೊಕೇಲ್ ಕೋಶವನ್ನು ಒಯ್ದರೆ ತುಳು ಕಡತವೇ ಮೇಜಿನಿಂದ ಮಾಯವಾಗುತ್ತದೆ. '--ಓವರ್‌ಲೇ' ಎಂಬ ಆಯ್ಕೆ ಸೇರಿಸಿದರೆ ಹಳೆಯ ನಡವಳಿಕೆ ಸಿಗುತ್ತದೆ. ಇಡೀ ಯೋಜನೆಯ ಹಳೆಯ ರೂಪವನ್ನು ಓಡಿಸಿ ನೋಡಬೇಕೆಂದಿರುವವರು ಮೇಜನ್ನು ಮುಟ್ಟುವುದೇ ಬೇಡ. 2015ರ ಗಿಟ್ 2.5ರಿಂದ ಲಭ್ಯವಿರುವ ವರ್ಕ್‌ಟ್ರೀ ಆಜ್ಞೆ ಹಳೆಯ ಕಮಿಟ್ ಅನ್ನು ಬೇರೆಯೇ ಕೋಶದಲ್ಲಿ, ತನ್ನದೇ ಇಂಡೆಕ್ಸ್ ಸಹಿತ ತೆರೆದುಕೊಡುತ್ತದೆ:

ಗಿಟ್ ವರ್ಕ್‌ಟ್ರೀ ಆ್ಯಡ್ ../ಹಳೆಯದು ಹೆಡ್~2

ಎಂದೋ ಅಳಿಸಿಹೋದ ಕಡತ ಬೇಕಾದಾಗ ಅದನ್ನು ಅಳಿಸಿದ ಕಮಿಟ್ ಯಾವುದೆಂದು ಮೊದಲು ಲಾಗ್‌ನಲ್ಲಿ ಹುಡುಕಬೇಕು. ಆ ಕಮಿಟ್‌ನಲ್ಲಿ ಕಡತ ಇರುವುದಿಲ್ಲ. ಅದರ ಹಿಂದಿನದರಲ್ಲಿ ಇರುತ್ತದೆ. ಹಿಂದಿನದು ಎಂಬುದಕ್ಕೆ ಗುರುತಿನ ಸಂಖ್ಯೆಯ ಮುಂದೆ '~1' ಹಾಕಬೇಕು. ಕೆಲವು ಪುಸ್ತಕಗಳು ಹೇಳುವ '^' ಚಿಹ್ನೆಗೆ ವಿಂಡೋಸ್‌ನ ಹಳೆಯ ಕಮಾಂಡ್ ಕಿಟಕಿಯಲ್ಲಿ ಬೇರೆ ಅರ್ಥವಿರುವುದರಿಂದ ಅದು ಕೈಕೊಡುತ್ತದೆ. ಹೀಗೆ ರಿಸ್ಟೋರ್‌ನಿಂದ ಮರಳಿ ಬಂದ ಕಡತ, ಆ್ಯಡ್ ಮಾಡುವವರೆಗೆ ಮುಂದಿನ ಕಮಿಟ್‌ಗೆ ಸೇರದು.

ಮರಳಿ ಬಾರದ್ದು ಯಾವುದು

ಕಮಿಟ್ ಆಗಿರುವ ಯಾವ ರೂಪವನ್ನಾದರೂ ಗಿಟ್‌ನಿಂದ ಮತ್ತೆ ಪಡೆಯಬಹುದು. ಆ ಧೈರ್ಯದಲ್ಲಿಯೇ ಜನ ಮೈಮರೆಯುತ್ತಾರೆ. ರಿಸ್ಟೋರ್ ಆಗಲಿ ಚೆಕ್‌ಔಟ್ ಆಗಲಿ, ಮೇಜಿನ ಮೇಲಿದ್ದ, ಕಮಿಟ್ ಅಥವಾ ಸ್ಟೇಜ್ ಆಗದ ತಿದ್ದುಪಡಿಯನ್ನು ಕೇಳದೆ ಅಳಿಸುತ್ತದೆ. ಬೆಳಗಿನಿಂದ ಸಂಜೆಯವರೆಗೆ ತಿದ್ದಿದ ತಿಂಗಳ ಹೆಸರುಗಳು ಒಂದು ಕೀಲಿಯೊತ್ತಿಗೆ ಹೋಗುತ್ತವೆ. ವಿಪರ್ಯಾಸವೆಂದರೆ 2.23ರಿಂದೀಚೆಗೆ ಸ್ಟೇಟಸ್ ಆಜ್ಞೆಯೇ ಬದಲಾವಣೆ ಕೈಬಿಡಲು ರಿಸ್ಟೋರ್ ಬಳಸಿ ಎಂಬ ಸೂಚನೆಯನ್ನು ಪ್ರತಿ ಬಾರಿಯೂ ಪರದೆಯ ಮೇಲೆ ತೋರಿಸುತ್ತದೆ. ರಿಸ್ಟೋರ್ ಎಂಬ ಪದದ ಅರ್ಥವನ್ನು ನಂಬಿ, ಕಳೆದುಹೋದದ್ದನ್ನು ಅದು ಮರಳಿ ಕೊಡುತ್ತದೆಂದು ತಿಳಿದು ಎಂಟರ್ ಒತ್ತಿದವನಿಗೆ ಸಿಗುವುದು ತದ್ವಿರುದ್ಧ ಫಲ.

ಆದ್ದರಿಂದ ಹಳೆಯದನ್ನು ತರುವ ಮೊದಲು ಇಂದಿನದನ್ನು ಎತ್ತಿಡಬೇಕು. ಬೇರೆ ಹೆಸರಿನಲ್ಲಿ ಒಂದು ನಕಲು ಮಾಡಿಕೊಂಡರೂ ಸಾಕು. ತುಸು ಅಚ್ಚುಕಟ್ಟು ಬೇಕೆಂದರೆ 2017ರಿಂದ ಇರುವ 'ಗಿಟ್ ಸ್ಟ್ಯಾಶ್ ಪುಶ್ -- ಟಿಸಿವೈ_ಐಎನ್' ಎಂಬ ಆಜ್ಞೆ ಆ ಒಂದು ಕಡತವನ್ನಷ್ಟೇ ಎತ್ತಿಡುತ್ತದೆ. ಮರಳಿ ಪಡೆಯುವಾಗ '--ಇಂಡೆಕ್ಸ್' ಎಂದು ಹೇಳದಿದ್ದರೆ ಯಾವುದು ಸ್ಟೇಜ್ ಆಗಿತ್ತು ಎಂಬ ಭೇದ ಉಳಿಯುವುದಿಲ್ಲ.

ಎತ್ತಿಡದೆ ಕಳೆದುಕೊಂಡವರಿಗೆ ಎರಡು ಕಡೆ ಸ್ವಲ್ಪ ಆಸೆ ಉಂಟು. ಒಮ್ಮೆ ಸ್ಟೇಜ್ ಆಗಿ, ಆಮೇಲೆ ಇಂಡೆಕ್ಸ್‌ನಿಂದ ಹೋದ ರೂಪ ಗಿಟ್‌ನ ಒಳಕೋಣೆಯಲ್ಲಿ ಹೆಸರಿಲ್ಲದೆ ಬಿದ್ದಿರುತ್ತದೆ. 'ಗಿಟ್ ಎಫ್‌ಎಸ್‌ಸಿಕೆ --ಲಾಸ್ಟ್-ಫೌಂಡ್' ಎಂದರೆ ಅಂತಹವುಗಳನ್ನು ಹೆಕ್ಕಿ, ಗುಪ್ತವಾಗಿರುವ '.ಗಿಟ್' ಕೋಶದೊಳಗೆ ಒಂದು ಕಡೆ ಇಡುತ್ತದೆ. ಹೆಸರುಗಳಿರುವುದಿಲ್ಲವಾದ್ದರಿಂದ ಒಂದೊಂದನ್ನೇ ತೆರೆದು ನೋಡಬೇಕು. ಗಿಟ್‌ನ ಕಸ ವಿಲೇವಾರಿ ಸಾಮಾನ್ಯವಾಗಿ ಎರಡು ವಾರಗಳಿಗಿಂತ ಹಳೆಯದಾದವನ್ನು ಮಾತ್ರ ಗುಡಿಸುತ್ತದೆ. ಫಳ್ನೀರ್‌ನ ಸ್ವಯಂಸೇವಕಿ ಚೆಕ್‌ಔಟ್ ಬಳಸಿ ಕಳೆದುಕೊಂಡ ವಾರದ ಹೆಸರುಗಳು ಈ ರೀತಿ ಸಿಕ್ಕಾವು. ಎಂದೂ ಸ್ಟೇಜ್ ಆಗದ ತಿಂಗಳ ಹೆಸರುಗಳು ಗಿಟ್‌ಗೆ ಗೊತ್ತೇ ಇರಲಿಲ್ಲ. ಅವನ್ನು ಸಂಪಾದಕ ತಂತ್ರಾಂಶದಲ್ಲಿ ಹುಡುಕಬೇಕು. ವಿಎಸ್ ಕೋಡ್ 2022ರಿಂದ, ಜೆಟ್‌ಬ್ರೇನ್ಸ್ ಸಂಸ್ಥೆಯ ಸಂಪಾದಕಗಳು ಅದಕ್ಕೂ ಬಹಳ ಮೊದಲಿನಿಂದ, ಪ್ರತಿ ಬಾರಿ ಉಳಿಸಿದಾಗಲೂ ಕಡತದ ಒಂದು ಪ್ರತಿಯನ್ನು ಗಿಟ್‌ಗೆ ಸಂಬಂಧವಿಲ್ಲದಂತೆ ತಮ್ಮಲ್ಲಿ ಇಟ್ಟುಕೊಳ್ಳುತ್ತವೆ. ಕಡತವನ್ನು ಅದೇ ಸಂಪಾದಕದಲ್ಲಿ ತಿದ್ದಿದ್ದರೆ ಮಾತ್ರ ಆ ಪ್ರತಿ ಅಲ್ಲಿರುತ್ತದೆ.